ಬೈಯುವ ಮೊದಲು ಮೂರು ಪ್ರಶ್ನೆ

ನಮ್ಮಜ್ಜಿಯ ಕಾಲದಲ್ಲಿ ತುಟಿಗೆ ಇದ್ದ ಉಪಚಾರ ಒಂದೇ. ಮಾಗಿಯ ಚಳಿಗೆ ಬಿರಿದರೆ ರಾತ್ರಿ ಮಲಗುವಾಗ ಒಂದು ಹನಿ ತುಪ್ಪ. ಮಜ್ಜಿಗೆ ಕಡೆದ ದಿನವಾದರೆ ಬೆರಳ ತುದಿಯಲ್ಲಿ ಒಂದಿಷ್ಟು ಬೆಣ್ಣೆ. ಹೊಸ ಮದುವಣಗಿತ್ತಿಯಾದರೆ ಊಟವಾದ ಮೇಲೆ ಎಲೆ ಅಡಿಕೆ, ತುಟಿ ತಾನಾಗಿಯೇ ಕೆಂಪಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ತುಟಿಯ ಬಗ್ಗೆ ತಲೆ ಕೆಡಿಸಿಕೊಂಡವರನ್ನು ನಾನಂತೂ ಕಂಡಿರಲಿಲ್ಲ.

ಈಗ ಹಾಗಿಲ್ಲ ನೋಡಿ. ತುಟಿ ತೆಳ್ಳಗಿದ್ದರೆ ಸೂಜಿಯಿಂದ ಅದರೊಳಗೆ ಲೋಳೆಯಂಥ ಒಂದು ಪದಾರ್ಥವನ್ನು ತುಂಬಿಸಿ ದಪ್ಪ ಮಾಡಿಸಿಕೊಳ್ಳಬಹುದು. ಅದಕ್ಕೆ ಫಿಲ್ಲರ್ ಅಂತ ಹೆಸರು. "ಅದೆಲ್ಲ ಸಿನಿಮಾದವರಿಗೆ, ನಮಗೇಕಮ್ಮ?" ಅಂತ ಪುಟ ತಿರುಗಿಸಬೇಡಿ. ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳೇ ಈಗ ಬೆಂಗಳೂರಿನ ಪಿ.ಜಿ.ಗಳಲ್ಲಿದ್ದಾರೆ. ಕೈಯಲ್ಲಿ ಸಂಬಳವಿದೆ, ಫೋನಿನಲ್ಲಿ ದಿನಕ್ಕೆ ಹತ್ತು ಜಾಹೀರಾತು ಬರುತ್ತವೆ. ತುಂಬಿಸಿಕೊಳ್ಳುವುದು ಹೇಗೆ, ಎಷ್ಟು ಹಣ ಅಂತ ಹೇಳುವವರು ಬೇಕಾದಷ್ಟು ಮಂದಿ. ತುಂಬಿಸಿದ್ದು ಬೇಡವೆನಿಸಿದರೆ ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ನಮ್ಮ ಮನೆಯಲ್ಲೇ ಅಂಥದ್ದೊಂದು ಸಂದರ್ಭ ಬಂದು, ನಾನು ಹತ್ತಿರದಿಂದ ನೋಡಿದ್ದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ. ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ, ಪುಟ್ಟಿ ಅಂತಿಟ್ಟುಕೊಳ್ಳೋಣ.

ಒಂದು ಮಾತಿನ ಬೆಲೆ

ಪುಟ್ಟಿ ಹಾಸನದ ನಮ್ಮಕ್ಕನ ಮಗಳು. ವಯಸ್ಸು ಇಪ್ಪತ್ತಾರು, ಬೆಂಗಳೂರಿನಲ್ಲಿ ಕೆಲಸ. ಮದುವೆ ನಿಶ್ಚಯವಾಗಿತ್ತು. ನಿಶ್ಚಿತಾರ್ಥದ ದಿನ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಪಕ್ಕದವರಿಗೆ, "ಹುಡುಗಿ ಲಕ್ಷಣವಾಗಿದ್ದಾಳೆ, ತುಟಿ ಮಾತ್ರ ಗೆರೆ ಎಳೆದ ಹಾಗಿದೆ" ಅಂದರಂತೆ. ಅಂದವರು ಕೆಟ್ಟವರೇನಲ್ಲ. ಹೋಳಿಗೆ ಬಡಿಸಿಕೊಳ್ಳುತ್ತಾ ಆಡಿ, ಕೈ ತೊಳೆಯುವಷ್ಟರಲ್ಲಿ ಮರೆತಿರಬೇಕು. ಆದರೆ ಸಾರು ಬಡಿಸುತ್ತಿದ್ದ ಹುಡುಗಿಯ ಕಿವಿಗೆ ಅದು ಬಿತ್ತು. ಇಪ್ಪತ್ತಾರು ವರ್ಷ ಇಲ್ಲದ ದೋಷ ಅವತ್ತಿನಿಂದ ಕನ್ನಡಿಯಲ್ಲಿ ಕಾಣಲು ಶುರುವಾಯಿತು.

ಬೆಂಗಳೂರಿಗೆ ಹಿಂದಿರುಗಿದವಳು ಗೆಳತಿಯೊಬ್ಬಳ ಮಾತು ಕೇಳಿ ಒಂದು ಬ್ಯೂಟಿ ಪಾರ್ಲರಿಗೆ ಹೋದಳು. ಡಾಕ್ಟರರ ಆಸ್ಪತ್ರೆಯಲ್ಲ, ಪಾರ್ಲರು. ಅರ್ಧ ಗಂಟೆಯ ಕೆಲಸ, ಹದಿನಾರು ಸಾವಿರ ರೂಪಾಯಿ. ಮೂರು ವಾರ ಕಳೆದರೂ ಊತ ಸಮವಾಗಲಿಲ್ಲ. ಮೇಲ್ದುಟಿಯ ಬಲಗಡೆ ತೊಗರಿಕಾಳಿನಷ್ಟು ಗಂಟು. ತುಂಬಿಸಿದ್ದು ತುಟಿಯ ಅಂಚು ದಾಟಿ ಮೇಲಕ್ಕೆ ಸರಿದು, ಮೀಸೆ ಜಾಗದಲ್ಲಿ ಉಬ್ಬು. ಲೋಟದಲ್ಲಿ ಕಾಫಿ ಕುಡಿದರೆ ತುಟಿಯ ಕೊನೆಯಿಂದ ಸೋರುತ್ತಿತ್ತು. ಪಾರ್ಲರಿಗೆ ಫೋನ್ ಮಾಡಿದರೆ "ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ, ಎರಡೂ ಕಡೆ ಸರಿಹೋಗತ್ತೆ" ಎಂಬ ಉತ್ತರ. ಮದುವೆಗೆ ಉಳಿದದ್ದು ಐದೇ ವಾರ. ಲಗ್ನಪತ್ರಿಕೆ ಅಚ್ಚಾಗಿ ಹಂಚಿಯೂ ಆಗಿತ್ತು.

ಒಂದು ಶನಿವಾರ ಸಂಜೆ ತಿಪಟೂರಿನ ನಮ್ಮ ಮನೆಗೆ ಬಂದಳು. "ಅಮ್ಮನಿಗೆ ಹೇಳ್ಬೇಡ ಚಿಕ್ಕಮ್ಮ" ಅನ್ನುವುದೇ ಮೊದಲ ಮಾತು.

ನನಗೆ ಸಿಟ್ಟು ಬರಲಿಲ್ಲವೇ ಅಂತ ಕೇಳುತ್ತೀರಿ. ಸಿಟ್ಟಿಗಿಂತ ಗಾಬರಿ ಹೆಚ್ಚಾಯಿತು. ಮತ್ತೆ ಯೋಚಿಸಿ ನೋಡಿ: ಮೂಗು ಚುಚ್ಚಿಸಿಕೊಂಡವರು ನಾವು, ಕಿವಿಯ ತೂತು ದೊಡ್ಡದಾಗುವಂತೆ ಭಾರದ ಓಲೆ ಹಾಕಿಕೊಂಡವರು ನಮ್ಮಮ್ಮಂದಿರು, ಕೈ ತುಂಬ ಹಚ್ಚೆ ಚುಚ್ಚಿಸಿಕೊಂಡವರು ನಮ್ಮಜ್ಜಿಯರು. ಚೆಂದ ಕಾಣಲಿ ಅಂತ ಮೈಗೆ ಸೂಜಿ ತಾಗಿಸಿಕೊಂಡವಳು ಪುಟ್ಟಿಯೇ ಮೊದಲಿಗಳಲ್ಲ. ಬಿಸಿ ಅನ್ನ ಸಾರು ಹಾಕಿ ಮಲಗಿಸಿದೆ. ಸೋಮವಾರ ಬೆಳಿಗ್ಗೆಯ ರೈಲಿಗೆ ಇಬ್ಬರೂ ತುಮಕೂರಿಗೆ ಹೊರಟೆವು. ಅಲ್ಲಿ ನನಗೆ ಗೊತ್ತಿದ್ದ ಚರ್ಮರೋಗದ ಲೇಡಿ ಡಾಕ್ಟರೊಬ್ಬರಿದ್ದಾರೆ.

ಏನು? ಯಾವಾಗ? ಯಾರು?

ಆ ಡಾಕ್ಟರು "ಯಾಕಮ್ಮ ಹೀಗೆ ಮಾಡ್ಕೊಂಡೆ?" ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದ್ದು ಮೂರು ಪ್ರಶ್ನೆ. ಏನು ಹಾಕಿದರು? ಯಾವಾಗ ಹಾಕಿದರು? ಹಾಕಿದವರು ಯಾರು?

ಈ ಮೂರರಲ್ಲಿ ಮೊದಲನೆಯದೇ ಮುಖ್ಯ. ತುಟಿಗೆ ತುಂಬಿಸುವ ಪದಾರ್ಥಗಳೆಲ್ಲ ಒಂದೇ ಅಲ್ಲ. ಹೆಚ್ಚಾಗಿ ಬಳಸುವುದು ಹಯಲುರಾನಿಕ್ ಆಸಿಡ್ ಎಂಬುದನ್ನು. ಆಸಿಡ್ ಅಂದಕೂಡಲೇ ಬಚ್ಚಲು ತೊಳೆಯುವುದನ್ನು ನೆನೆದು ಹೆದರಬೇಡಿ. ಇದು ನಮ್ಮೆಲ್ಲರ ಮೈಯಲ್ಲಿ, ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನಲ್ಲಿ ಹುಟ್ಟಿನಿಂದಲೇ ಇರುವ ಲೋಳೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ದನದ ಕಣ್ಣಿನಿಂದ ಬೇರ್ಪಡಿಸಿ ಹೆಸರಿಟ್ಟರು. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ ಸುತ್ತ ಲೋಳೆ ಕಟ್ಟಿಕೊಂಡು ಉಬ್ಬುತ್ತದಲ್ಲ, ಹಾಗೆ ಇದಕ್ಕೂ ನೀರು ಹಿಡಿದಿಡುವ ಗುಣ. ಆದ್ದರಿಂದಲೇ ತುಟಿ ತುಂಬಿಕೊಂಡು ಕಾಣುತ್ತದೆ. ಈ ಜಾತಿಯ ಫಿಲ್ಲರು ಯುರೋಪಿನಲ್ಲಿ 1996ರಲ್ಲಿ ಮಾರಾಟಕ್ಕೆ ಬಂತು. ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟದ್ದು 2003ರಲ್ಲಿ.

ಇದೊಂದು ಜಾತಿಯಾದರೆ, ಕರಗಿಸಲು ಔಷಧವಿದೆ. ಆದರೆ ಕೆಲವು ಕಡೆ ಸಿಲಿಕೋನ್ ಎಣ್ಣೆಯನ್ನೋ, ಪ್ಲಾಸ್ಟಿಕ್ಕಿನ ಸಣ್ಣ ಕಣಗಳಿರುವ ಪದಾರ್ಥವನ್ನೋ ತುಂಬಿಸುತ್ತಾರೆ. ಅವು ಈ ಔಷಧಕ್ಕೆ ಕರಗುವುದಿಲ್ಲ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಗತಿ. ಬೆಲ್ಲವಾದರೆ ನೀರಿಗೆ ಕರಗೀತು, ಮೇಣ ಕರಗೀತೇ? ಹಾಗೆ. ಸುಣ್ಣದ ಜಾತಿಯ ಕಣಗಳಿರುವ ಫಿಲ್ಲರೂ ಒಂದುಂಟು, ಅದಕ್ಕೂ ಈ ಔಷಧ ನಾಟುವುದಿಲ್ಲ. ಒಳಗಿರುವುದು ಯಾವುದು ಅಂತ ಗೊತ್ತಿಲ್ಲದೆ ಡಾಕ್ಟರು ಏನು ಮಾಡಿಯಾರು?

ಪುಟ್ಟಿಗೆ ಹೆಸರು ಗೊತ್ತಿರಲಿಲ್ಲ. ಒಳ್ಳೆಯ ಫಿಲ್ಲರಿನ ಡಬ್ಬಿಯಲ್ಲಿ ಬ್ಯಾಚ್ ನಂಬರಿರುವ ಚೀಟಿಗಳಿರುತ್ತವೆ. ಒಂದನ್ನು ಡಾಕ್ಟರು ತಮ್ಮ ದಾಖಲೆಗೆ ಅಂಟಿಸಿಕೊಂಡು ಇನ್ನೊಂದನ್ನು ಹಾಕಿಸಿಕೊಂಡವರಿಗೆ ಕೊಡುವುದು ಕ್ರಮ. ಇವಳಿಗೆ ಅದೂ ಕೊಟ್ಟಿರಲಿಲ್ಲ, ರಸೀತಿಯೂ ಇಲ್ಲ. ಅಲ್ಲೇ ಕೂತು ಪಾರ್ಲರಿಗೆ ಫೋನ್ ಮಾಡಿಸಿದೆವು. "ಇಂಪೋರ್ಟೆಡ್ ಮಾಲು ಮೇಡಂ" ಅಂದರೇ ಹೊರತು ಹೆಸರು ಹೇಳಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು. ಆಗ ಡಾಕ್ಟರು, "ಫೋಟೋ ಏನಾದರೂ ತೆಗೆದುಕೊಂಡಿದ್ದೀಯಾ?" ಅಂದರು. ಈಗಿನ ಮಕ್ಕಳಲ್ಲವೇ, ತೆಗೆದುಕೊಳ್ಳದೆ ಇರುತ್ತಾರೆಯೇ! ಸೂಜಿ ಚುಚ್ಚುವ ಮುಂಚೆ ಗೆಳತಿ ಒಂದು ವಿಡಿಯೋ ಮಾಡಿದ್ದಳು. ಅದನ್ನು ನಿಲ್ಲಿಸಿ ನಿಲ್ಲಿಸಿ ದೊಡ್ಡದು ಮಾಡಿ ನೋಡಿದರೆ ಟ್ರೇಯ ಮೂಲೆಯಲ್ಲಿ ಡಬ್ಬಿ, ಡಬ್ಬಿಯ ಮೇಲೆ ಹೆಸರು. ಹಯಲುರಾನಿಕ್ ಆಸಿಡ್ಡೇ. "ಡಬ್ಬಿ ಮೇಲಿದ್ದದ್ದೇ ಒಳಗೂ ಇದ್ದರೆ ಕರಗತ್ತೆ" ಅಂದರು ಡಾಕ್ಟರು.

ಕರಗುವುದು ಹೇಗೆ?

ಕರಗಿಸುವ ಔಷಧದ ಹೆಸರು ಹಯಲುರಾನಿಡೇಸ್. ಇದೊಂದು ಕಿಣ್ವ. ಹಯಲುರಾನಿಕ್ ಆಸಿಡ್ ಅಂದರೆ ಎರಡು ಬಗೆಯ ಸಕ್ಕರೆಯ ಕಣಗಳು ಒಂದಾದ ಮೇಲೊಂದು ಪೋಣಿಸಿಕೊಂಡ ಉದ್ದನೆಯ ಮಾಲೆ. ಮೈಯಲ್ಲಿ ತಾನಾಗಿ ಇರುವ ಮಾಲೆ ಬೇಗ ಸವೆದು ಹೊಸದು ಹುಟ್ಟುತ್ತಿರುತ್ತದೆ. ಫಿಲ್ಲರಿನಲ್ಲಿ ಮಾತ್ರ ಬೇಗ ಸವೆಯದಿರಲಿ ಅಂತ ಮಾಲೆಮಾಲೆಗಳನ್ನು ಅಡ್ಡಡ್ಡ ಹೆಣೆದು ಚಾಪೆಯಂತೆ ಮಾಡಿರುತ್ತಾರೆ. ಹಯಲುರಾನಿಡೇಸ್ ಒಂದು ಕತ್ತರಿಯ ಹಾಗೆ. ಮಲ್ಲಿಗೆ ದಂಡೆಯ ನಾರನ್ನು ಅಲ್ಲಲ್ಲಿ ಕತ್ತರಿಸಿದರೆ ಹೂವೆಲ್ಲ ಬಿಡಿಬಿಡಿಯಾಗಿ ಉದುರುತ್ತದಲ್ಲ, ಹಾಗೆ ಈ ಹೆಣಿಗೆ ಬಿಡಿಯಾಗುತ್ತದೆ. ಬಿಡಿಯಾದದ್ದನ್ನು ಮೈ ತಾನೇ ಒಯ್ದು ಹೊರಹಾಕುತ್ತದೆ.

ಔಷಧ ಹೊಸದಲ್ಲ. ಇದರ ಗುಣವನ್ನು 1928ರಲ್ಲೇ ಡುರಾನ್ ರೆನಾಲ್ಸ್ ಎಂಬ ವಿಜ್ಞಾನಿ ಗಮನಿಸಿದ್ದರು. ಕಣ್ಣಿನ ಆಪರೇಷನ್ ಮಾಡುವಾಗ ಮರಗಟ್ಟಿಸುವ ಔಷಧ ಚೆನ್ನಾಗಿ ಹರಡಲಿ ಅಂತ ಅದರ ಜೊತೆ ಇದನ್ನು ಬೆರೆಸುವ ರೂಢಿ ಬಹಳ ಹಿಂದಿನಿಂದ ಇದೆ. ಫಿಲ್ಲರ್ ಕರಗಿಸಲು ಎಂದೇ ಅಮೆರಿಕದ ಔಷಧ ಇಲಾಖೆ ಇದಕ್ಕೆ ಪ್ರತ್ಯೇಕ ಒಪ್ಪಿಗೆ ಕೊಟ್ಟಿಲ್ಲ. ಆದರೂ ಪ್ರಪಂಚದಾದ್ಯಂತ ಡಾಕ್ಟರುಗಳು ಅನುಭವದ ಮೇಲೆ ಬಳಸುತ್ತಾ ಬಂದಿದ್ದಾರೆ. ಅನುಭವವಿರುವ ಡಾಕ್ಟರೇ ಬೇಕು ಅನ್ನುವುದು ಅದಕ್ಕೇ.

"ತಾನಾಗಿಯೇ ಕರಗುವವರೆಗೆ ಕಾದರಾಗದೇ?" ಅಂತ ನಾನು ಕೇಳಿದೆ. ಆರು ತಿಂಗಳು, ಒಂದು ವರ್ಷದಲ್ಲಿ ಹೋಗುತ್ತದೆ ಅಂತ ಮಾರುವವರು ಹೇಳುವುದುಂಟು. ಆದರೆ ಎಂ.ಆರ್.ಐ. ಚಿತ್ರ ತೆಗೆದು ನೋಡಿದಾಗ ವರ್ಷಗಟ್ಟಲೆ ಉಳಿದುಕೊಂಡದ್ದೂ ಕಂಡಿದೆಯಂತೆ. ಮದುವೆಯ ದಿನ ಅಷ್ಟು ಕಾಯುವುದಿಲ್ಲವಲ್ಲ.

ಒಂದು ಕಿವಿಮಾತು. ಬಿಸಿ ಶಾಖ, ಹರಳೆಣ್ಣೆ ತಿಕ್ಕುವುದು, ಪರಂಗಿಹಣ್ಣು, ನಿಂಬೆರಸ ಇವು ಯಾವುದೂ ಒಳಗಿನ ಫಿಲ್ಲರನ್ನು ಕರಗಿಸುವುದಿಲ್ಲ. ಗಂಟನ್ನು ಜೋರಾಗಿ ಹಿಸುಕಿದರೆ ಅದು ಇನ್ನೊಂದು ಕಡೆಗೆ ಸರಿದೀತು. ನಮ್ಮ ಅಡಿಗೆಮನೆಯ ವೈದ್ಯ ಎಷ್ಟೋ ಕಾಯಿಲೆಗೆ ಆದೀತು, ಇದಕ್ಕಾಗದು.

ಜೇನುಹುಳದ ಪ್ರಶ್ನೆ

ಇನ್ನೇನು ಕೆಲಸ ಆದಂತೆಯೇ ಅಂದುಕೊಂಡಿದ್ದೆ. ಆಗ ಡಾಕ್ಟರು ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು: "ಯಾವತ್ತಾದರೂ ಜೇನುಹುಳ, ಕಣಜ ಕಚ್ಚಿ ಮೈಗೆ ಆಗದೆ ಹೋಗಿತ್ತೇ?"

ತುಟಿಗೂ ಜೇನಿಗೂ ಏನು ಸಂಬಂಧ ಅಂತೀರಾ? ಜೇನುಹುಳದ ವಿಷದಲ್ಲೂ ಇದೇ ಹಯಲುರಾನಿಡೇಸ್ ಜಾತಿಯ ಕಿಣ್ವವಿದೆ. ವಿಷ ಬೇಗ ಹರಡಲಿ ಅಂತ ಪ್ರಕೃತಿ ಮಾಡಿದ ಏರ್ಪಾಟು. ಆದ್ದರಿಂದ ಜೇನು ಕಚ್ಚಿದರೆ ಉಸಿರುಗಟ್ಟುವಷ್ಟು ಅಲರ್ಜಿ ಇರುವವರಿಗೆ ಈ ಇಂಜೆಕ್ಷನ್ನೂ ಅಪಾಯ ತಂದೀತು.

ಪುಟ್ಟಿ ಬೆಪ್ಪಾಗಿ ನನ್ನ ಮುಖ ನೋಡಿದಳು. "ಸಣ್ಣವಳಿದ್ದಾಗ ತೋಟದಲ್ಲಿ ಜೇನು ಕಚ್ಚಿ ಆಸ್ಪತ್ರೆಗೆ ಸೇರಿಸಿದ್ದರಂತೆ. ಅಷ್ಟೇ ಗೊತ್ತು" ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದರೆ ಇವತ್ತು ಚುಚ್ಚೋದು ಬೇಡ. ಆಗ ಏನಾಗಿತ್ತು ಅಂತ ಸರಿಯಾಗಿ ಗೊತ್ತಿರೋರನ್ನು ಕೇಳಿಕೊಂಡು ಬನ್ನಿ."

ಗೊತ್ತಿರುವವರು ಯಾರು? ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ತಾಯಿ. ಯಾರಿಗೆ ಹೇಳಬೇಡ ಅಂತ ಹುಡುಗಿ ಬೇಡಿಕೊಂಡಿದ್ದಳೋ ಅವಳೇ!

"ಪುಟ್ಟೀ, ಇನ್ನು ಮುಚ್ಚಿಡಕ್ಕಾಗಲ್ಲ. ನೀನು ಹೇಳ್ತೀಯೋ, ನಾನು ಹೇಳಲೋ?" ಅಂದೆ. "ನೀನೇ ಹೇಳು" ಅಂತ ಮುಖ ಆ ಕಡೆ ತಿರುಗಿಸಿದಳು. ಆಸ್ಪತ್ರೆಯ ಮುಂದಿನ ಹೊಂಗೆ ಮರದ ಕೆಳಗೆ ನಿಂತು ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಸಿಡಿದಳು. "ದೇವರು ಕೊಟ್ಟ ಮುಖಕ್ಕೆ ಏನಾಗಿತ್ತಂತೆ? ಗಂಡಿನ ಕಡೆಯೋರಿಗೆ ಗೊತ್ತಾದ್ರೆ ಏನು ಗತಿ ಕಣೇ? ನಿನ್ನ ಹತ್ರ ಬಂದಳು, ನನ್ನ ಹತ್ರ ಬರಲಿಲ್ಲ!" ಕೊನೆಯ ಮಾತು ಹೇಳುವಾಗ ಗಂಟಲು ಕಟ್ಟಿತು. ಅಷ್ಟೂ ಸಿಟ್ಟಿನ ಬೇರು ಅದೇ ಅಂತ ನನಗೆ ಗೊತ್ತಾಯಿತು. ಸುಮ್ಮನೆ ಕೇಳಿಸಿಕೊಂಡು, "ಅಕ್ಕಾ, ಬೈಯೋದು ಆಮೇಲೆ ಬೈಯುವೆಯಂತೆ. ಸಕಲೇಶಪುರದಲ್ಲಿ ಮಾವನ ತೋಟದಲ್ಲಿ ಇವಳಿಗೆ ಜೇನು ಕಚ್ಚಿದಾಗ ಉಸಿರು ಕಟ್ಟಿತ್ತಾ? ಅದೊಂದು ಹೇಳು" ಅಂದೆ.

ಒಂದು ಗಳಿಗೆ ಆ ಕಡೆ ಮಾತಿಲ್ಲ. ಆಮೇಲೆ ಬಂದ ದನಿಯೇ ಬೇರೆ. "ಆಗ ಅವಳಿಗೆ ಏಳು ವರ್ಷ. ನಾಲ್ಕು ಹುಳ ಕಚ್ಚಿತ್ತು, ಎಲ್ಲಾ ಎಡಗೈಗೆ. ಮೊಣಕೈವರೆಗೂ ಬಾತಿತ್ತು. ಉಸಿರು ಕಟ್ಟಲಿಲ್ಲ, ಮೈಮೇಲೆ ದದ್ದು ಏಳಲಿಲ್ಲ, ಎಚ್ಚರ ತಪ್ಪಲಿಲ್ಲ. ರಾತ್ರಿ ಜ್ವರ ಬಂತು ಅಂತ ಡಾಕ್ಟರು ಒಂದು ದಿನ ಇಟ್ಟುಕೊಂಡರು. ಬೆಳಿಗ್ಗೆ ಇಡ್ಲಿ ಬೇಕು ಅಂತ ಹಟ ಮಾಡಿದಳು." ಹತ್ತೊಂಬತ್ತು ವರ್ಷದ ಹಿಂದಿನದ್ದು ನಿನ್ನೆಯದರಂತೆ ಹೇಳಿದಳು ನಮ್ಮಕ್ಕ. ಯಾವ ಫೈಲಿನಲ್ಲಿ ಸಿಕ್ಕೀತು ಹೇಳಿ ಈ ವಿವರ?

ಮರುದಿನ ಮೊದಲ ಬಸ್ಸಿಗೆ ಅಕ್ಕನೇ ತಿಪಟೂರಿಗೆ ಬಂದಿಳಿದಳು. ಮಗಳ ಮುಖ ನೋಡಿ ಏನೂ ಅನ್ನಲಿಲ್ಲ. ತಲೆ ಬಾಚಿ ಜಡೆ ಹೆಣೆದಳು, ಮೂವರೂ ಹೊರಟೆವು.

ಚಿಕಿತ್ಸೆಯ ದಿನ

ಡಾಕ್ಟರು ಎಲ್ಲ ಕೇಳಿ ಬರೆದುಕೊಂಡರು. ಕೈ ಊದಿದ್ದು ಕಚ್ಚಿದ ಜಾಗದ ಊತ, ಅದು ಇಡೀ ಮೈಗೆ ಆಗುವ ಅಲರ್ಜಿಯಲ್ಲ ಅಂದರು. ಆದರೂ ಎಚ್ಚರಿಕೆಗೆ ಮೊದಲು ಮುಂಗೈಯ ಚರ್ಮದಲ್ಲಿ ಸಾಸಿವೆಯಷ್ಟು ಔಷಧ ಚುಚ್ಚಿ ಅರ್ಧ ಗಂಟೆ ಕೂರಿಸಿದರು. ಕೆಂಪಗೆ ದದ್ದು ಎದ್ದು ತುರಿಸಿದರೆ ಆಗದು ಅಂತ ಅರ್ಥ. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಸಿದ್ಧವಾಗಿತ್ತು. ನೀವು ಹೋದ ಕಡೆ ಇಷ್ಟು ಏರ್ಪಾಟು ಇದೆಯೇ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಎದ್ದು ಬನ್ನಿ.

ಕಾಯುವಾಗ ಅಕ್ಕ ಮೆಲ್ಲಗೆ, "ಈ ಔಷಧ ಯಾವುದರಿಂದ ಮಾಡ್ತಾರೆ ಡಾಕ್ಟ್ರೇ?" ಅಂದಳು. ಕೆಲವು ಕಂಪನಿಯವರು ಕುರಿಯಿಂದ, ಕೆಲವರು ದನದಿಂದ ತೆಗೆಯುತ್ತಾರೆ, ಮನುಷ್ಯರ ಕಿಣ್ವದಂತೆಯೇ ಕಾರ್ಖಾನೆಯಲ್ಲಿ ತಯಾರಿಸಿದ್ದೂ ಉಂಟು ಅಂದರು ಡಾಕ್ಟರು. ಅಕ್ಕ ಒಂದು ನಿಮಿಷ ಕಣ್ಣು ಮುಚ್ಚಿ, "ಔಷಧಕ್ಕೆ ದೋಷವಿಲ್ಲ, ಹಾಕಿ" ಅಂದಳು. ಪುಟ್ಟಿಗೆ ನಾಲ್ಕು ದಿನದಲ್ಲಿ ಮೊದಲ ಸಲ ನಗು ಬಂತು.

ಕೈ ಮೇಲೆ ಏನೂ ಏಳಲಿಲ್ಲ. ತುಟಿಗೆ ಮರಗಟ್ಟುವ ಮುಲಾಮು ಹಚ್ಚಿ, ಗಂಟಿನ ಜಾಗಕ್ಕೂ ಅಂಚಿನ ಮೇಲಿನ ಉಬ್ಬಿಗೂ ಸಣ್ಣ ಸೂಜಿಯಿಂದ ಔಷಧ ಹಾಕಿದರು. ಉರಿಯುತ್ತದೆ, ಸುಳ್ಳು ಹೇಳಬಾರದು. ಹಾಕಿ ಆದ ಮೇಲೆ ಮತ್ತೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡರು. ಮನೆಗೆ ಬರುವಷ್ಟರಲ್ಲಿ ತುಟಿ ಮೊದಲಿಗಿಂತ ಹೆಚ್ಚು ಊದಿತ್ತು. ಡಾಕ್ಟರು ಮೊದಲೇ ಹೇಳಿರದಿದ್ದರೆ ಹೆದರಿ ಸಾಯುತ್ತಿದ್ದೆವು. ಹೀಗೆ ಊದುವುದು ಹಲವರಿಗೆ ಆಗುತ್ತದೆ. ಮುಂಬಯಿಯ ನಟಿ ಉರ್ಫಿ ಜಾವೇದ್ 2025ರ ಜುಲೈನಲ್ಲಿ ತಮ್ಮ ತುಟಿಯ ಫಿಲ್ಲರ್ ಕರಗಿಸಿಕೊಂಡು, ಊದಿದ ಮುಖವನ್ನು ಮುಚ್ಚಿಡದೆ ವಿಡಿಯೋದಲ್ಲಿ ತೋರಿಸಿದ್ದರು. ಅದನ್ನು ಪುಟ್ಟಿ ನನಗೂ ತೋರಿಸಿದಳು. ಜನ ನಕ್ಕರಂತೆ. ನನಗೆ ಮಾತ್ರ ಆ ಹುಡುಗಿ ಎಷ್ಟೋ ಮಂದಿಗೆ ಉಪಕಾರ ಮಾಡಿದಳು ಅನ್ನಿಸಿತು.

ಎರಡನೆಯ ದಿನ ಊತ ಇಳಿಯಿತು, ಜೊತೆಗೆ ಉಬ್ಬೂ ಇಳಿಯಿತು. ಔಷಧ ಕೆಲವೇ ಗಂಟೆಗಳಲ್ಲಿ ಕೆಲಸ ಶುರುಮಾಡಿ, ಒಂದೆರಡು ದಿನದಲ್ಲಿ ಬಹುಪಾಲು ಮುಗಿಸುತ್ತದೆ. ನಾಲ್ಕಾರು ದಿನ ತುಟಿ ಒಣಗಿದ ಹಾಗೆ, ಸುಕ್ಕು ಬಿದ್ದ ಹಾಗೆ ಕಂಡಿತು. ಪುಟ್ಟಿ, "ನನ್ನ ಸ್ವಂತ ತುಟಿಯೂ ಕರಗಿ ಹೋಯ್ತಾ ಚಿಕ್ಕಮ್ಮ?" ಅಂತ ಅತ್ತಳು. ಮೈಯಲ್ಲಿ ಸಹಜವಾಗಿರುವ ಲೋಳೆಯೂ ಸ್ವಲ್ಪ ಕತ್ತರಿಗೆ ಸಿಕ್ಕುವುದು ನಿಜ. ಆದರೆ ಅದನ್ನು ಮೈ ದಿನದಿನವೂ ಹೊಸದಾಗಿ ಮಾಡಿಕೊಳ್ಳುತ್ತಿರುತ್ತದೆ. ಎರಡು ವಾರ ಬಿಟ್ಟು ಹೋದಾಗ ಗಂಟಿನಲ್ಲಿ ಅಕ್ಕಿಕಾಳಿನಷ್ಟು ಉಳಿದಿತ್ತು. ಇನ್ನೊಂದು ಸಲ ಚೂರು ಔಷಧ ಹಾಕಿದರು. ಒಂದೇ ಸಲಕ್ಕೆ ಮುಗಿಯದಿರುವುದೂ ಸಾಮಾನ್ಯವಂತೆ.

ಆ ಎರಡನೆಯ ಸಲಕ್ಕೆ ಹುಡುಗನೂ ಬಂದಿದ್ದ. ಪುಟ್ಟಿಯೇ ಅವನಿಗೆ ಎಲ್ಲ ಹೇಳಿದ್ದಳು, ಹೇಳು ಅಂತ ಒತ್ತಾಯ ಮಾಡಿದವಳು ನಮ್ಮಕ್ಕ. ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದು ಕೂತಿದ್ದ. ಹೆಚ್ಚು ಮಾತಾಡುವ ಹುಡುಗನಲ್ಲ. "ನಾನು ಒಪ್ಪಿದ್ದು ಹಳೇ ತುಟೀನ ನೋಡೇ ಅಲ್ವಾ ಅತ್ತೆ" ಅಂದ ಅಕ್ಕನಿಗೆ, ಅಷ್ಟೇ. ಮದುವೆ ಸಾಂಗವಾಗಿ ನಡೆಯಿತು.

ಗಂಟೆ ನೋಡದೆ ಓಡಬೇಕಾದದ್ದು

ನಮ್ಮ ಪುಟ್ಟಿಗೆ ಕಾಯುವಷ್ಟು ಸಮಯವಿತ್ತು. ಎಲ್ಲರಿಗೂ ಇರುವುದಿಲ್ಲ. ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ತುಟಿಯೊಳಗೆ ಮೇಲೊಂದು ಕೆಳಗೊಂದು ರಕ್ತನಾಳ ಹರಿಯುತ್ತದೆ. ಅಪ್ಪಿತಪ್ಪಿ ಫಿಲ್ಲರು ಅದರೊಳಗೆ ಹೋದರೆ, ಅಥವಾ ಹೊರಗಿನಿಂದ ಒತ್ತಿದರೆ, ರಕ್ತ ನಿಂತುಹೋಗುತ್ತದೆ. ನೀರು ಕಟ್ಟಿದ ಕಾಲುವೆಯ ಕೆಳಗಿನ ಗದ್ದೆಯಂತೆ ಆ ಜಾಗದ ಚರ್ಮ ಸಾಯತೊಡಗುತ್ತದೆ. ಗುರುತು ಹೀಗೆ: ತುಟಿಯೋ ಸುತ್ತಲ ಚರ್ಮವೋ ಬಿಳಿಚಿಕೊಳ್ಳುವುದು, ಬಲೆಯ ಹಾಗೆ ನೀಲಿ, ನೇರಳೆ ಗೆರೆಗಳು ಮೂಡುವುದು, ತಡೆಯಲಾರದ ನೋವು, ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಬೇಗ ಹಿಂದಿರುಗದೆ ಇರುವುದು. ಫಿಲ್ಲರಿನಲ್ಲೇ ಮರಗಟ್ಟಿಸುವ ಔಷಧ ಸೇರಿರುವುದರಿಂದ ನೋವು ಮೊದಲು ಗೊತ್ತಾಗದಿರಬಹುದು, ಬಣ್ಣವನ್ನೇ ನೋಡಿ. ಸಾಮಾನ್ಯವಾಗಿ ಕೆಲವು ನಿಮಿಷ, ಕೆಲವು ಗಂಟೆಗಳಲ್ಲಿ ಕಾಣುತ್ತದೆ, ಕೆಲವೊಮ್ಮೆ ಮರುದಿನ. ಆಗ "ನಾಳೆ ನೋಡೋಣ" ಅನ್ನಬಾರದು. ಐಸ್ ಇಡಬಾರದು, ಇಟ್ಟರೆ ರಕ್ತನಾಳ ಇನ್ನಷ್ಟು ಕುಗ್ಗುತ್ತದೆ. ಹಾಕಿದ ಡಾಕ್ಟರ ಬಳಿಗೋ, ಅವರು ಸಿಗದಿದ್ದರೆ ದೊಡ್ಡ ಆಸ್ಪತ್ರೆಗೋ ಆ ಗಳಿಗೆಯೇ ಓಡಬೇಕು. ಇಂಥ ಸಮಯದಲ್ಲಿ ಡಾಕ್ಟರು ಇದೇ ಹಯಲುರಾನಿಡೇಸನ್ನು ಹೆಚ್ಚಿನ ಪ್ರಮಾಣದಲ್ಲಿ, ಬೇಕಾದರೆ ಗಂಟೆಗೊಂದು ಸಲ ಹಾಕಿ ನಾಳ ಬಿಡಿಸುತ್ತಾರೆ. ಕಣ್ಣು ಮಂಜಾದರೆ, ದೃಷ್ಟಿ ಹೋದರೆ, ಒಂದೊಂದು ನಿಮಿಷವೂ ಲೆಕ್ಕ. ಮೂಗಿಗೆ, ಹುಬ್ಬಿನ ನಡುವೆ ಹಾಕಿಸಿಕೊಂಡವರಲ್ಲಿ ಈ ಅಪಾಯ ಹೆಚ್ಚು.

ಹಾಕಿದ ಜಾಗ ಬಿಸಿಯಾಗಿ ಕೆಂಪೇರಿ ಕೀವು ತುಂಬಿದರೆ, ಜ್ವರ ಬಂದರೆ ಅದು ಸೋಂಕು. ಅದಕ್ಕೂ ಡಾಕ್ಟರೇ ಬೇಕು.

ಈಗ ಯೋಚಿಸಿ. ರಾತ್ರಿ ಹತ್ತು ಗಂಟೆಗೆ ಪಿ.ಜಿ.ಯ ಕೋಣೆಯಲ್ಲಿ ತುಟಿ ಬಿಳಿಚಿಕೊಂಡ ಹುಡುಗಿ ಮೊದಲು ಯಾರಿಗೆ ಫೋನ್ ಮಾಡಬೇಕು? ಅಮ್ಮನಿಗೆ ತಾನೇ? "ಅಮ್ಮ ಕೊಂದೇ ಹಾಕ್ತಾಳೆ" ಅಂತ ಬೆಳಗಿನವರೆಗೆ ಕಾದರೆ ಆ ಭಯಕ್ಕೆ ತೆರಬೇಕಾದ ಬೆಲೆ ಎಷ್ಟು! ಬೈಗುಳವನ್ನು ಮರುದಿನಕ್ಕೆ ಎತ್ತಿಡಬಹುದು. ನಿಂತ ರಕ್ತ ಮರುದಿನದವರೆಗೆ ಕಾಯುವುದಿಲ್ಲ.

ಇಷ್ಟು ನೆನಪಿಡಿ

ಫಿಲ್ಲರ್ ಹಾಕಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಬೇಡವೇ ಬೇಡ ಅಂತ ದುಡಿಯುವ ಹುಡುಗಿಗೆ ಅಪ್ಪಣೆ ಮಾಡುವುದಕ್ಕೂ ನನಗೆ ಅಧಿಕಾರವಿಲ್ಲ. ಹಾಕಿಸಿಕೊಳ್ಳುವುದೇ ಆದರೆ ಚರ್ಮರೋಗ ತಜ್ಞರ ಬಳಿಯೋ ಪ್ಲಾಸ್ಟಿಕ್ ಸರ್ಜನ್ ಬಳಿಯೋ ಹೋಗಲಿ. ವೈದ್ಯರ ನೋಂದಣಿ ಸಂಖ್ಯೆ ಕೇಳಿದರೆ ಅವಮಾನವಲ್ಲ. ನಮ್ಮ ರಾಜ್ಯದಲ್ಲಿ 2007ರ ಕಾಯಿದೆಯ ಪ್ರಕಾರ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು ನೋಂದಣಿ ಮಾಡಿಸಿಕೊಂಡಿರಲೇಬೇಕು. ಪ್ರಮಾಣಪತ್ರ ಗೋಡೆಯ ಮೇಲಿದೆಯೇ ಅಂತ ನೋಡಲಿ. "ತಪ್ಪಾದರೆ ಕರಗಿಸುವ ಔಷಧ ನಿಮ್ಮಲ್ಲಿದೆಯೇ?" ಅಂತ ಮೊದಲೇ ಕೇಳಲಿ. ಡಬ್ಬಿಯ ಚೀಟಿ, ರಸೀತಿ ಇಸಿದುಕೊಂಡು ಬರಲಿ.

ಸೂಜಿಯಿಲ್ಲದೆ ಒತ್ತಡದಿಂದ ತುಟಿಗೆ ತುಂಬುವ ಪೆನ್ನುಗಳು ಅಂತ ಬಂದಿವೆ, ಅವುಗಳ ಗೊಡವೆ ಬೇಡ. 2021ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ಇಲಾಖೆಯೇ ಅವುಗಳ ವಿರುದ್ಧ ಎಚ್ಚರಿಕೆ ಕೊಟ್ಟಿದೆ. ಕರಗಿಸುವ ಔಷಧವನ್ನು ಎಲ್ಲಿಂದಲೋ ತರಿಸಿ ತಾವೇ ಚುಚ್ಚಿಕೊಳ್ಳುವ ಸಾಹಸವಂತೂ ಖಂಡಿತ ಬೇಡ.

ಕರಗಿಸಿಕೊಳ್ಳಲು ಹೋಗುವಾಗ ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ತಪ್ಪದೆ ಹೇಳಬೇಕು. ತುರ್ತಿಲ್ಲದಿದ್ದರೆ ಡಾಕ್ಟರು ಮುಂದಕ್ಕೆ ಹಾಕುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತುಟಿಯಲ್ಲಿ ಪದೇಪದೇ ನೀರುಗುಳ್ಳೆ ಏಳುತ್ತಿದ್ದರೆ ಅದನ್ನೂ ಹೇಳಬೇಕು. ಮದುವೆ, ಗೃಹಪ್ರವೇಶದಂಥ ಸಮಾರಂಭವಿದ್ದರೆ ಕೊನೆಯ ವಾರದವರೆಗೆ ಕಾಯಬಾರದು. ಎರಡನೆಯ ಸಲ ಬೇಕಾಗಬಹುದು, ಊತ ಇಳಿಯಲು ದಿನ ಬೇಕು. ಮೂರು ನಾಲ್ಕು ವಾರ ಕೈಯಲ್ಲಿರಲಿ.

ಇನ್ನೊಂದು ಕೆಲಸ ನಮ್ಮದು, ತಾಯಂದಿರದು. ಪುಟ್ಟಿಯ ಮದುವೆ ಮುಗಿದ ಮೇಲೆ ನಮ್ಮಕ್ಕ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಇಬ್ಬರು ಮಕ್ಕಳ ವಿಷಯವನ್ನೂ ಬರೆದಳು: ಯಾವ ವಯಸ್ಸಿನಲ್ಲಿ ಏನು ಕಾಯಿಲೆ, ಯಾವ ಮಾತ್ರೆ ಒಗ್ಗುವುದಿಲ್ಲ, ಏನು ಕಚ್ಚಿದಾಗ ಏನಾಯಿತು. ಫೋನಿನಲ್ಲಿ ಅದರ ಚಿತ್ರ ತೆಗೆದು ಇಬ್ಬರಿಗೂ ಕಳಿಸಿದಳು. ನಾನೂ ನನ್ನ ಮಗನಿಗೆ ಬರೆದೆ, ಅರ್ಧ ಗಂಟೆಯೂ ಹಿಡಿಯಲಿಲ್ಲ. ನೀವೂ ಇವತ್ತು ಮಧ್ಯಾಹ್ನ ಅಡಿಗೆಮನೆ ಕೆಲಸ ಮುಗಿಸಿ ಕೂತಾಗ ಒಂದು ಹಾಳೆ ತೆಗೆದುಕೊಳ್ಳಿ.